ನೋವಿಗೆ ಸಾಕ್ಷಿ ಕೇಳುವವರಿಗೆ

ಆಪರೇಷನ್ ಆದವರು ರಾತ್ರಿ ನರಳಿದರೆ ನಮ್ಮ ವಾರ್ಡುಗಳಲ್ಲಿ ಎರಡು ಉತ್ತರ ಸಿದ್ಧವಾಗಿರುತ್ತವೆ. ಒಂದನ್ನು ಎದುರಿಗೇ ಹೇಳುತ್ತಾರೆ: ‘ಸ್ವಲ್ಪ ತಡ್ಕೊಳಮ್ಮ, ಇಂಜೆಕ್ಷನ್ ಕೊಟ್ಟಾಗಿದೆ.’ ಇನ್ನೊಂದನ್ನು ಬೆನ್ನ ಹಿಂದೆ: ‘ಬರೀ ನಾಟಕ.’ ಕುಣಿಗಲ್ಲಿನಿಂದಲೋ ಗುಬ್ಬಿಯಿಂದಲೋ ಬಸ್ಸು ಹಿಡಿದು ತುಮಕೂರಿಗೆ ಬಂದು ಮಲಗಿದ ಹೆಂಗಸು ಇದಕ್ಕೆ ಏನೆಂದು ಎದುರಾಡಿಯಾಳು? ನಾಟಕಕ್ಕೆ ಗುಬ್ಬಿ ವೀರಣ್ಣನವರ ಊರು ಹೆಸರುವಾಸಿ, ಒಪ್ಪೋಣ. ಆದರೆ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಯಾರೂ ಪಾತ್ರ ಮಾಡುವುದಿಲ್ಲ.

‘ಔಷಧಿ ಕೊಟ್ಟಾಗಿದೆ, ಹಾಗಾಗಿ ನೋವಿರಲಾರದು’ ಎಂಬ ತರ್ಕವನ್ನು ವೈದ್ಯವಿಜ್ಞಾನವೇ ಮುರಿದಿದೆ. ಮಾರ್ಫಿನ್, ಫೆಂಟನಿಲ್, ರೆಮಿಫೆಂಟನಿಲ್‌ನಂಥ ಅಫೀಮು ವರ್ಗದ ಔಷಧಿಗಳು ನೋವನ್ನು ತಗ್ಗಿಸುತ್ತವೆ. ಆದರೆ ಕೆಲವರಲ್ಲಿ, ಅದರಲ್ಲೂ ಪ್ರಮಾಣ ಹೆಚ್ಚಾದಾಗ, ಅವು ನರವ್ಯವಸ್ಥೆಯನ್ನು ನೋವಿಗೆ ಇನ್ನಷ್ಟು ಸೂಕ್ಷ್ಮವಾಗಿಸುತ್ತವೆ. 2005ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದು ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾದ 75 ಮಂದಿಯನ್ನು ಗಮನಿಸಿತು. ರೆಮಿಫೆಂಟನಿಲ್ ಹೆಚ್ಚು ಪಡೆದವರಿಗೆ ಗಾಯದ ಸುತ್ತ ನೋವಿನ ಸೂಕ್ಷ್ಮತೆ ಹೆಚ್ಚಿತ್ತು. ಆಮೇಲೆ ಮಾರ್ಫಿನ್ ಕೂಡ ಹೆಚ್ಚೇ ಬೇಕಾಯಿತು. ಜೊತೆಗೆ ಸಣ್ಣ ಪ್ರಮಾಣದ ಕೆಟಮಿನ್ ಪಡೆದವರಲ್ಲಿ ಈ ತೊಂದರೆ ತಪ್ಪಿತು.

ಕೆಟಮಿನ್ ಅರಿವಳಿಕೆಯ ಔಷಧಿ. ನರಗಳಲ್ಲಿ ನೋವಿನ ಸಂದೇಶವನ್ನು ಹಿಗ್ಗಿಸುವ ಎನ್‌ಎಂಡಿಎ ಗ್ರಾಹಕಗಳನ್ನು ಅದು ತಡೆಯುತ್ತದೆ. ಮಂಪರು ಬರಿಸುವ ಡೆಕ್ಸ್‌ಮೆಡೆಟೊಮಿಡಿನ್ ಬೇರೆ ದಾರಿಯಲ್ಲಿ ನೋವನ್ನು ತಗ್ಗಿಸಿ, ಅಫೀಮು ವರ್ಗದ ಔಷಧಿಯ ಅಗತ್ಯವನ್ನೇ ಕಡಿಮೆ ಮಾಡುತ್ತದೆ. ಎಲ್ಲ ಮಂಪರೂ ಹೀಗಲ್ಲ. ಮಿಡಜೋಲಮ್ ಕೊಟ್ಟರೆ ರೋಗಿ ಸುಮ್ಮನಾಗುತ್ತಾಳೆ. ನೋವು ಹಾಗೇ ಉಳಿಯುತ್ತದೆ. ವಾರ್ಡು ಶಾಂತವಾಗಲಿ ಎಂದು ಮಂಪರು ಕೊಡುವುದಕ್ಕೂ ನೋವು ಇಳಿಯಲಿ ಎಂದು ಕೊಡುವುದಕ್ಕೂ ಅಜಗಜಾಂತರ. ನನ್ನ ತಕರಾರು ಇರುವುದು ಮೊದಲನೆಯದರ ಮೇಲೆ.

‘ಇದೆಲ್ಲ ಬೆಂಗಳೂರಿನ ದೊಡ್ಡಾಸ್ಪತ್ರೆಗಳ ಮಾತು’ ಎನ್ನುವವರಿದ್ದಾರೆ. ಕೆಟಮಿನ್ ಹಳೆಯದು, ಅಗ್ಗದ್ದು, ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವಂಥದ್ದು. ಅದನ್ನು ಕುದುರೆಗಳಿಗೂ ಕೊಡುತ್ತಾರೆಂದು ಮೂಗು ಮುರಿಯುವವರು, ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಕುಣಿಗಲ್ಲಿನಲ್ಲಾದರೂ ಇರಬಾರದು. ಹಾಗೆಂದು ಇವು ಅಪಾಯವಿಲ್ಲದ ಮದ್ದುಗಳಲ್ಲ. ಕೆಟಮಿನ್‌ನಿಂದ ಭ್ರಮೆಗಳಾಗಬಹುದು, ಡೆಕ್ಸ್‌ಮೆಡೆಟೊಮಿಡಿನ್‌ನಿಂದ ನಾಡಿ ನಿಧಾನವಾಗಿ ರಕ್ತದೊತ್ತಡ ಕುಸಿಯಬಹುದು. ಆದ್ದರಿಂದಲೇ ಅರಿವಳಿಕೆ ತಜ್ಞರ ಹೊಣೆ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಮುಗಿಯಬಾರದು. ತಾಲ್ಲೂಕು ಆಸ್ಪತ್ರೆಯವರೆಗೂ ಅಂಥ ತಜ್ಞರು ಬೇಕೆಂದು ಕೇಳುವುದು ದುಬಾರಿ ಬೇಡಿಕೆಯಲ್ಲ, ನ್ಯಾಯವಾದ ಬೇಡಿಕೆ.

ಇನ್ನೊಂದು ಅಪಾಯವೂ ಇದೆ. ‘ನೋಡಿ, ಮಾರ್ಫಿನ್ನಿನಿಂದಲೇ ನೋವು ಹೆಚ್ಚುತ್ತದಂತೆ’ ಎಂದು ಅದನ್ನು ಕೊಡದೇ ಇರಲು ಇದೇ ನೆಪವಾದೀತು. 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ಮಾರ್ಫಿನ್ ಸಿಗುವುದೇ ದುಸ್ತರವಾಗಿದ್ದ ದೇಶ ಇದು. 2014ರ ತಿದ್ದುಪಡಿ ಬಂದದ್ದೇ ಆ ಗಂಟನ್ನು ಸಡಿಲಿಸಲು. ಬೇಕಾದವರಿಗೆ ಮಾರ್ಫಿನ್ ಬೇಕೇ ಬೇಕು. ಅದರ ಜೊತೆಗೆ ಇನ್ನೇನು ಬೇಕು ಎಂಬುದು ಪ್ರಶ್ನೆ.

ಓದುವ, ಬರೆಯುವ ನಮಗೂ ಇದರಲ್ಲಿ ಪಾಲಿದೆ. ‘ನೋವು ನುಂಗಿಕೊಂಡ ತಾಯಿ’ಯನ್ನು ಕಥೆಗಳಲ್ಲಿ ಎಷ್ಟು ಹೊಗಳಿದ್ದೇವೆ! ಪುಸ್ತಕದಲ್ಲಿ ಹೊಗಳಿಕೆಯಾದದ್ದು ವಾರ್ಡಿಗೆ ಬಂದಾಗ ಅಪ್ಪಣೆಯಾಗುತ್ತದೆ. ನೋವು ಎಷ್ಟಿದೆ ಎಂದು ಸೊನ್ನೆಯಿಂದ ಹತ್ತರವರೆಗಿನ ಅಂಕದಲ್ಲಿ ಕೇಳಿ, ಬಿಪಿಯ ಪಕ್ಕದಲ್ಲೇ ಬರೆಯಲು ಅರ್ಧ ನಿಮಿಷ ಸಾಕು. ಇಂಜೆಕ್ಷನ್ ಆದ ಮೇಲೂ ಅಂಕ ಏರುತ್ತಿದ್ದರೆ ಹೊಲಿಗೆ, ರಕ್ತಸ್ರಾವ, ಸೋಂಕು ನೋಡಿ. ಕೊಟ್ಟ ಔಷಧಿಯನ್ನೂ ಅನುಮಾನಿಸಿ. ರೋಗಿಯನ್ನು ಅನುಮಾನಿಸುವುದು ಕೊನೆಗಿರಲಿ.