ಜಾತ್ರೆಯ ನಡುವೆ ಕೋಣೆ ತೆರವು

ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಯೆಂದರೆ ಜನಸಾಗರವೇ ಸರಿ. ಅಂಥ ಸಮಯದಲ್ಲಿ ಧರ್ಮಶಾಲೆಯೊಂದರ ಕೋಣೆಯಲ್ಲಿ ತೊಲೆ ಬಿರುಕು ಬಿಟ್ಟಿತೆಂದು ಭಾವಿಸೋಣ. ಜಾತ್ರೆಯನ್ನು ನಿಲ್ಲಿಸುವಂತಿಲ್ಲ, ಕೋಣೆಯನ್ನು ತೆರವು ಮಾಡಿಸದೆ ಗತ್ಯಂತರವೂ ಇಲ್ಲ. ಜಾಣನಾದ ಮೇಲ್ವಿಚಾರಕನು ಮೊದಲು ಆ ಕೋಣೆಯನ್ನು ಹೊಸಬರಾರಿಗೂ ಕೊಡದಂತೆ ತಡೆಯುತ್ತಾನೆ. ಅನಂತರ ಒಳಗಿರುವ ರಾಮದುರ್ಗದವರನ್ನೂ ಬೈಲಹೊಂಗಲದವರನ್ನೂ ಗಂಟುಮೂಟೆ ಸಹಿತ ಬೇರೆಡೆಗೆ ಸಾಗಿಸಿ, ಹುಡುಕಿಕೊಂಡು ಬರುವ ನಂಟರಿಗೆ ಹೊಸ ಠಾವು ತಿಳಿಯುವಂತೆ ದಫ್ತರದಲ್ಲಿ ಬರೆಯಿಸುತ್ತಾನೆ. ಕಡೆಗೆ ಬೀಗ ಹಾಕುತ್ತಾನೆ.

ಗಣಕಯಂತ್ರದಲ್ಲಿಯೂ ಇಂಥ ಪ್ರಸಂಗ ಒದಗುವುದುಂಟು. ರೈತನ ಪಹಣಿಯಿಂದ ಹಿಡಿದು ಬ್ಯಾಂಕಿನ ಲೆಕ್ಕದವರೆಗೆ ಇಂದು ಎಲ್ಲವೂ ಗಣಕಯಂತ್ರಗಳ ಸುಪರ್ದಿನಲ್ಲಿವೆಯಷ್ಟೆ. ಅವುಗಳಲ್ಲಿ ಹಲವನ್ನು ಕ್ಷಣಕಾಲವೂ ನಿಲ್ಲಿಸಲಾಗದು. ಆದರೆ ಅವುಗಳ ಮೆಮರಿಯ ಒಂದು ಭಾಗ ಕೆಡಬಹುದು. ಇಲ್ಲವೆ ಅದನ್ನು ಬೇರೊಂದು ಕೆಲಸಕ್ಕೆ ಬಿಟ್ಟುಕೊಡಬೇಕಾಗಬಹುದು. ಯಂತ್ರ ನಡೆಯುತ್ತಿರುವಂತೆಯೇ ಆ ಭಾಗವನ್ನು ತೆರವು ಮಾಡಿ ಕಳಚುವ ಹೊಣೆ ಕರ್ನೆಲ್ ಎಂಬ ಮೂಲ ವ್ಯವಸ್ಥಾಪಕನದು. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು ಆರಂಭಿಸಿದ ಲಿನಕ್ಸ್ ಕರ್ನೆಲ್‌ಗೆ ಈ ವಿದ್ಯೆ ಸೇರಿಕೊಂಡದ್ದು 2008ರ ಜನವರಿಯಲ್ಲಿ ಹೊರಬಂದ 2.6.24ನೆಯ ಆವೃತ್ತಿಯಲ್ಲಿ.

ಸಾಮಾನ್ಯ ಯಂತ್ರಗಳಲ್ಲಿ ಮೆಮರಿಯನ್ನು 128 ಮೆಗಾಬೈಟಿನ ಖಂಡಗಳಾಗಿಯೂ, ಖಂಡವನ್ನು 4 ಕಿಲೋಬೈಟಿನ 32,768 ಪುಟಗಳಾಗಿಯೂ ವಿಂಗಡಿಸಿರುತ್ತಾರೆ. ಪ್ರತಿ ಪುಟಕ್ಕೂ ಕರ್ನೆಲ್‌ನ ಖಾತೆಯಲ್ಲಿ ಒಂದು ನಮೂದು ಉಂಟು. ಖಂಡವನ್ನು ತೆರವು ಮಾಡಬೇಕಾದರೆ ಅದರಲ್ಲಿ ಬಳಕೆಯಲ್ಲಿರುವ ಒಂದೊಂದು ಪುಟವೂ ಸ್ಥಳಾಂತರಗೊಳ್ಳಬೇಕು. ಕದಲದೆ ಕುಳಿತ ಒಂದೇ ಒಂದು ಪುಟವಿದ್ದರೂ ಸಾಕು, ಇಡಿಯ ಖಂಡ ಬಿಡುಗಡೆಯಾಗದು.

ಈಗ ನಿಜವಾಗಿ ನಡೆದ ಒಂದು ದೋಷದ ಕಥೆಯನ್ನು ಕೇಳಿರಿ. ಯಂತ್ರದ ಮೆಮರಿ 2050 ಮೆಗಾಬೈಟ್ ಎಂದಿಟ್ಟುಕೊಳ್ಳೋಣ. ಹದಿನಾರು ಖಂಡಗಳಿಗೆ 2048 ಸಂದು, ಹದಿನೇಳನೆಯದಕ್ಕೆ ಉಳಿಯುವುದು ಬರಿಯ 2. ಅದರ ಮುಂದಿನ ಪುಟಗಳಿಗೆ ಖಾತೆಯಲ್ಲಿ ಜಾಗವಿದ್ದರೂ ನಮೂದು ಬರೆದಿರಲಿಲ್ಲ. "ಈ ಖಂಡವನ್ನು ಕಳಚಬಹುದೇ?" ಎಂದು ಯಾರಾದರೂ ವಿಚಾರಿಸಿದರೆ, ಕರ್ನೆಲ್ ಖಂಡದ ಕೊನೆಯವರೆಗೂ ಓದುತ್ತ ಹೋಗಿ, ಬರೆಯದ ಹಾಳೆಯನ್ನು ಬರೆದುದೆಂದು ಬಗೆದು ಮುಗ್ಗರಿಸುತ್ತಿತ್ತು. ಕಳಚುವ ಮಾತಿರಲಿ, ಕೇಳಿದ ಮಾತ್ರಕ್ಕೇ ಇಡಿಯ ಯಂತ್ರ ಕುಸಿಯಬಹುದಾಗಿತ್ತು!

2018ರ ಕೊನೆಯಲ್ಲಿ ಇದಕ್ಕೊಂದು ಪರಿಹಾರ ಬಂದಿತು: ಖಂಡದ ಕಡೆಯವರೆಗೂ ನಮೂದುಗಳನ್ನು ತುಂಬಿಬಿಡುವುದು. ನೋಡುವುದಕ್ಕೆ ಸರಳ, ನಿರುಪದ್ರವಿ. ಆದರೆ ಅದರೊಳಗೆ ಹೇಳದೆ ಉಳಿದ ಒಂದು ನಂಬಿಕೆಯಿತ್ತು: ಒಂದು ಖಂಡವು ಮೆಮರಿಯ ಒಂದೇ ವಿಭಾಗಕ್ಕೆ ಸೇರಿರುತ್ತದೆ ಎಂಬುದು. ಎಲ್ಲ ಯಂತ್ರಗಳಲ್ಲಿಯೂ ಅದು ದಿಟವಲ್ಲ. ಬೈಲಹೊಂಗಲ, ಕಿತ್ತೂರು ತಾಲೂಕುಗಳ ಎಲ್ಲೆಯ ಮೇಲೆ ಬಿದ್ದ ನೆಲವನ್ನು ಇಡಿಯಾಗಿ ಒಂದೇ ತಾಲೂಕಿಗೆ ಬರೆದರೆ ಇನ್ನೊಂದರ ಲೆಕ್ಕ ಕೆಡದೆ ಇದ್ದೀತೆ? ಹಾಗೆಯೇ ಆಯಿತು. ಎಲ್ಲಿಯೋ ಒಬ್ಬರ ಯಂತ್ರ ಹೊಸ ಕರ್ನೆಲ್ಲಿನಿಂದ ಆರಂಭವೇ ಆಗಲಿಲ್ಲ.

ದೂರು ಬಂದೊಡನೆ, 2019ರ ಜನವರಿಯಲ್ಲಿಯೇ, ಆ ತಿದ್ದುಪಡಿಯನ್ನು ಹಿಂತೆಗೆದುಕೊಂಡರು. ಅದನ್ನು ಒಪ್ಪಿದ್ದವರು ಪ್ರತಿಷ್ಠೆಗೆ ಜೋತುಬೀಳಲಿಲ್ಲ. ಬದಲಿಗೆ, ಖಾತೆಯನ್ನು ಸುಳ್ಳು ನಮೂದುಗಳಿಂದ ತುಂಬುವುದನ್ನು ಬಿಟ್ಟು, ಓದುವವನಿಗೇ "ನಿನ್ನ ವಲಯದ ಗಡಿ ಮುಗಿದಲ್ಲಿ ನಿಲ್ಲು" ಎಂದು ಕಲಿಸಿದರು. ಫೆಬ್ರವರಿಯ ಹೊತ್ತಿಗೆ ಈ ಪರಿಹಾರ ಕರ್ನೆಲ್ಲಿಗೆ ಸೇರಿತು.

ಈ ಕಥೆಯಲ್ಲಿ ಗಮನಿಸಬೇಕಾದದ್ದು ಜಾಣ್ಮೆಗಿಂತ ಹೆಚ್ಚಾಗಿ ವಿನಯ. ಮೊದಲ ಪರಿಹಾರವನ್ನು ಸೂಚಿಸಿದವರು ಅಜ್ಞರಲ್ಲ. ತಮ್ಮ ಮುಂದಿದ್ದ ಯಂತ್ರವನ್ನು ಅವರು ಸರಿಯಾಗಿಯೇ ಕಂಡಿದ್ದರು. ಲೋಕದಲ್ಲಿ ಬೇರೆ ಬಗೆಯ ಯಂತ್ರಗಳೂ ಇವೆಯೆಂಬುದನ್ನು ಒಂದು ದೂರು ತಿಳಿಸಿಕೊಟ್ಟಿತು. ದೂರು ಹೇಳುವವನನ್ನು ಪೀಡೆಯೆಂದು ಗದರಿಸುವ ಮನೆಯಲ್ಲಿ, ಕಚೇರಿಯಲ್ಲಿ, ಬಿರುಕು ಬಿಟ್ಟ ತೊಲೆ ಕಣ್ಣಿಗೆ ಬೀಳುವುದು ಅದು ಮುರಿದು ಬಿದ್ದ ಮೇಲೆಯೇ.