ಐದನೆಯ ದೇವರು: ಕಲ್ಪಿತ ದೇವಮಂಡಲದಲ್ಲಿ ಕಪಟದೇವತೆಯ ಸ್ಥಾನ

ಪುರಾಣಗಳ ಕಪಟದೇವತೆಗಳು ಒಬ್ಬ ಕವಿಯ ಸೃಷ್ಟಿಗಳಲ್ಲ. 13ನೆಯ ಶತಮಾನದಲ್ಲಿ ಐಸ್‌ಲ್ಯಾಂಡಿನ ಸ್ನೋರಿ ಸ್ಟರ್ಲುಸನ್ ತನ್ನ 'ಎಡ್ಡಾ'ದಲ್ಲಿ ಲೋಕಿಯ ಕಥೆಗಳನ್ನು ನಿರೂಪಿಸುವ ಮೊದಲೇ ಅವು ಪರಂಪರೆಯಲ್ಲಿ ಬೆಳೆದು ಬಂದಿದ್ದವು. ಲೋಕಿಯ ನಡತೆಯಲ್ಲಿ ಪರಸ್ಪರ ವಿರೋಧಗಳು ಕಂಡುಬಂದರೆ ಅದಕ್ಕೆ ಆ ಪರಂಪರೆಯೇ ಹೊಣೆ. ಇಡೀ ದೇವಮಂಡಲವನ್ನು ತಾನೇ ಕಲ್ಪಿಸುವ ಆಧುನಿಕ ಕಾದಂಬರಿಕಾರನಿಗೆ ಈ ಅನುಕೂಲವಿಲ್ಲ. ಕಪಟದೇವತೆಯನ್ನು ತೆಗೆದುಹಾಕಿದರೂ ಆ ಲೋಕದ ವ್ಯವಸ್ಥೆ ಕದಲುವುದಿಲ್ಲವೆಂದಾದರೆ, ಆತ ಕಥೆಯ ಗಂಟು ಬಿಡಿಸಲು ಬಂದ ವಿದೂಷಕನೇ ಹೊರತು ದೇವರಲ್ಲ.

ಈ ಒರೆಗಲ್ಲಿಗೆ ನಿಲ್ಲುವ ಕೃತಿಗಳಲ್ಲಿ ಅಮೆರಿಕದ ಲೇಖಕಿ ಲೋಯಿಸ್ ಮೆಕ್‌ಮಾಸ್ಟರ್ ಬುಜೋಲ್ಡ್ ಅವರ 'ದಿ ಕರ್ಸ್ ಆಫ್ ಚಾಲಿಯನ್' (2001) ಮತ್ತು ಹ್ಯೂಗೋ, ನೆಬ್ಯುಲಾ ಪ್ರಶಸ್ತಿಗಳೆರಡನ್ನೂ ಪಡೆದ 'ಪ್ಯಾಲಡಿನ್ ಆಫ್ ಸೋಲ್ಸ್' (2003) ಮುಖ್ಯವಾದವು. ಇಲ್ಲಿನ ದೇವಮಂಡಲದಲ್ಲಿ ಮಗಳು, ತಾಯಿ, ಮಗ, ತಂದೆ ಎಂಬ ನಾಲ್ವರು ನಾಲ್ಕು ಋತುಗಳಿಗೆ ಅಧಿದೇವತೆಗಳು. ಐದನೆಯವನ ಹೆಸರೇ 'ಜಾರಜ'. ಆತನಿಗೆ ಋತುವಿಲ್ಲ. ಅಕಾಲದಲ್ಲಿ ಘಟಿಸುವ ಎಲ್ಲವೂ ಆತನ ಪಾಲಿನವು. ಅನಾಥರು, ಕುಲದ ಲೆಕ್ಕಕ್ಕೆ ಸೇರದವರು, ಬೇರಾವ ದೇವರೂ ಸ್ವೀಕರಿಸದ ಆತ್ಮಗಳು ಆತನ ಆಶ್ರಿತರು.

ಈ ದೇವರ ಕುರಿತಾದ ಮತಭೇದವೇ ಕಥಾಲೋಕದ ರಾಜಕೀಯವನ್ನು ರೂಪಿಸುತ್ತದೆ. ಚಾಲಿಯನ್ನಿನವರು ಐವರನ್ನು ಪೂಜಿಸಿದರೆ, ನೆರೆಯ ರೊಕ್ನಾರಿಗಳು ನಾಲ್ವರನ್ನು ಮಾತ್ರ ಒಪ್ಪಿ ಐದನೆಯವನನ್ನು ಪಿಶಾಚವೆಂದು ಹಳಿಯುತ್ತಾರೆ. ಐದನೆಯವನಿಗೆ ಸಲ್ಲುವ ಬೆರಳು ಹೆಬ್ಬೆರಳು. ಅರಮನೆಯ ಮೃಗಾಲಯವನ್ನು ನೋಡಿಕೊಳ್ಳುವ ಉಮೆಗಾಟ್ ಎಂಬ ರೊಕ್ನಾರಿ ಸಂತನ ಕೈಕೆಳಗಿನ ಸೇವಕನೊಬ್ಬನಿಗೆ ನಾಲಿಗೆಯೂ ಇಲ್ಲ, ಹೆಬ್ಬೆರಳುಗಳೂ ಇಲ್ಲ. ಮತದ್ರೋಹಕ್ಕೆ ವಿಧಿಸಿದ ಶಿಕ್ಷೆಯದು. ಒಬ್ಬ ದೇವರನ್ನು ಎಣಿಕೆಯಿಂದ ಬಿಡುವುದೆಂದರೆ ಆತನನ್ನು ನಂಬಿದ ಮನುಷ್ಯರನ್ನೂ ಬಿಡುವುದೆಂಬ ಸತ್ಯವನ್ನು ಲೇಖಕಿ ವಾದದಿಂದಲ್ಲ, ಆ ಕೈಗಳಿಂದ ತೋರಿಸುತ್ತಾರೆ.

ಕಪಟದೇವತೆಯನ್ನು ಹೀಗೆ ದೀನಬಂಧುವಾಗಿಸಿದರೆ ಆತನ ಸಹಜವಾದ ಭೀಕರತೆ ಅಳಿಯುವುದಿಲ್ಲವೇ ಎಂಬ ಆಕ್ಷೇಪ ಬರಬಹುದು. ಅದಕ್ಕೆ ಕೃತಿಯಲ್ಲೇ ಉತ್ತರವಿದೆ. ನ್ಯಾಯದ ಬಾಗಿಲುಗಳೆಲ್ಲ ಮುಚ್ಚಿದಾಗ ಶತ್ರುವಿನ ಮರಣವನ್ನು ಬೇಡಿ ಈ ದೇವರನ್ನು ಪ್ರಾರ್ಥಿಸಬಹುದು. ಆದರೆ ಪ್ರಾರ್ಥನೆ ಫಲಿಸಿದರೆ ಶತ್ರುವಿನೊಡನೆ ಪ್ರಾರ್ಥಿಸಿದವನ ಪ್ರಾಣವೂ ಹೋಗುತ್ತದೆ. ಎರಡನೆಯ ಕಾದಂಬರಿಯಲ್ಲಿ ದೇವರುಗಳನ್ನೇ ಶಪಿಸುವ ಇಸ್ತಾ ಎಂಬ ನಡುವಯಸ್ಸಿನ ವಿಧವೆಯನ್ನು ಆತ ಆರಿಸಿಕೊಳ್ಳುತ್ತಾನೆ. ಆಕೆಯ ಕೋಪ ಆತನಿಗೆ ಅಪರಾಧವಾಗಿ ತೋರುವುದಿಲ್ಲ. ಆತನ ಪರಿಹಾಸವೂ ಆಕೆಯ ಹೊರೆಯನ್ನು ಇಳಿಸುವುದಿಲ್ಲ. ಆತನ ಕರುಣೆ ಇರುವುದು ಈ ಕಾಠಿಣ್ಯದೊಡನೆಯೇ.

ಅದ್ಭುತ ಸಾಹಿತ್ಯದ ಕಲ್ಪಿತ ಧರ್ಮಗಳನ್ನು ಕೇವಲ ಅಲಂಕಾರವೆಂದು ಬದಿಗಿಡುವ ವಿಮರ್ಶೆ ಈ ಕೃತಿಗಳ ಮುಂದೆ ಸೋಲುತ್ತದೆ. ಇಂತಹ ಕಾದಂಬರಿಯನ್ನು ಅಧ್ಯಯನಕ್ಕೆ ಎತ್ತಿಕೊಳ್ಳುವ ವಿದ್ಯಾರ್ಥಿ ಅಲ್ಲಿ ಎಷ್ಟು ದೇವರಿದ್ದಾರೆಂದು ಎಣಿಸಿದರೆ ಸಾಲದು. ಆ ಎಣಿಕೆಯಿಂದ ಯಾರು ಹೊರಗುಳಿದಿದ್ದಾರೆ, ಅವರ ಪರವಾಗಿ ನಿಲ್ಲುವ ದೇವರು ಇದ್ದಾನೆಯೇ ಎಂಬುದನ್ನೂ ವಿಚಾರಿಸಬೇಕು.