ಸುಣ್ಣದ ಹಸಿವಿಗೆ ಬೂದಿಯ ತುತ್ತು

ಮನೆ ಕಟ್ಟುವಲ್ಲಿ ಗಾರೆ ಕಲಸುವವರ ಕೈ ನೋಡಿದ್ದೀರಾ? ಬೆರಳ ಸಂದಿಯಲ್ಲಿ ಚರ್ಮ ಬಿರಿದಿರುತ್ತದೆ. ಸಿಮೆಂಟಿಗೆ ನೀರು ಬಿದ್ದಾಗ ಅದರಿಂದ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಹೊರಬರುತ್ತದೆ. ಅದು ಪ್ರಬಲ ಕ್ಷಾರ. ಚರ್ಮವನ್ನೇ ತಿನ್ನುವ ಈ ಕ್ಷಾರ ಸಿಮೆಂಟಿನೊಳಗೆ ಸೇರಿಸಿದ ನಾರನ್ನು ಬಿಟ್ಟೀತೇ?

ಸಿಮೆಂಟಿಗೆ ನಾರೇಕೆ ಎನ್ನುವಿರಾ? ಅದುಮಿದರೆ ಸಿಮೆಂಟು ಗಟ್ಟಿ, ಬಾಗಿಸಿದರೆ ಬಿರುಕು. ಚಾವಣಿಯ ತೆಳು ಶೀಟಿನಲ್ಲಿ ಕಬ್ಬಿಣದ ಸರಳಿಗೆ ಜಾಗವಿಲ್ಲ. ಹಳ್ಳಿಗಳಲ್ಲಿ ಗೋಡೆಯ ಮಣ್ಣಿಗೆ ಹುಲ್ಲು ಬೆರೆಸಿ ತುಳಿಯುತ್ತಾರಲ್ಲ, ಅದೇ ಉಪಾಯ ಇಲ್ಲೂ. 1900ರ ಸುಮಾರಿಗೆ ಆಸ್ಟ್ರಿಯಾದ ಲುಡ್ವಿಗ್ ಹಾಟ್‌ಶೆಕ್ ಇದಕ್ಕೆ ಕಲ್ನಾರನ್ನು, ಅಂದರೆ ಆಸ್ಬೆಸ್ಟಾಸನ್ನು, ಬಳಸಿದ. ಕಲ್ನಾರಿಗೆ ಕ್ಷಾರದ ಭಯವಿಲ್ಲ. ಭಯವೆಲ್ಲ ನಮ್ಮ ಶ್ವಾಸಕೋಶಕ್ಕೆ. ಅದರ ದೂಳು ಕ್ಯಾನ್ಸರ್ ತರುತ್ತದೆಂದು ಅನೇಕ ದೇಶಗಳು ಅದನ್ನು ನಿಷೇಧಿಸಿವೆ. (ಹಳೆಯ ಶೀಟನ್ನು ಮಕ್ಕಳ ಎದುರು ಕೊಯ್ಯುವುದು, ಒಡೆಯುವುದು ಬೇಡವೇ ಬೇಡ.)

ಬದಲಿಗೆ ಗಾಜಿನ ಎಳೆ, ತೆಂಗಿನ ನಾರು, ಕತ್ತಾಳೆ ನಾರು ಬಂದವು. ಮೊದಮೊದಲು ಎಲ್ಲ ಚೆನ್ನ. ವರ್ಷಗಳು ಕಳೆದಂತೆ ಕ್ಷಾರ ಗಾಜನ್ನು ಕೊರೆಯುತ್ತದೆ; ತೆಂಗಿನ ನಾರನ್ನು ಹಿಡಿದಿಟ್ಟ ಲಿಗ್ನಿನ್ ಎಂಬ ಅಂಟನ್ನು ಕರಗಿಸುತ್ತದೆ. ಶೀಟು ನೋಡಲು ಹಾಗೆಯೇ ಇರುತ್ತದೆ, ಪೆಟ್ಟು ಬಿದ್ದರೆ ಹಪ್ಪಳ! 1960ರ ದಶಕದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಎ. ಜೆ. ಮಜುಂದಾರ್ ಅವರು ಜಿರ್ಕೋನಿಯಾ ಬೆರೆಸಿದ ಗಾಜಿನ ಎಳೆಯನ್ನು ರೂಪಿಸಿದರು. ದಾಳಿ ನಿಧಾನವಾಯಿತು, ಪೂರ್ತಿ ನಿಲ್ಲಲಿಲ್ಲ. ಎಳೆಗಳ ನಡುವೆ ಸುಣ್ಣದ ಹರಳುಗಳು ಬೆಳೆದು ಅವನ್ನು ಬಿಗಿಯುತ್ತಿದ್ದವು.

ಹಾಗಾದರೆ ಸುಣ್ಣವನ್ನೇ ಮುಗಿಸಿಬಿಟ್ಟರೆ? ಕ್ಷಾರ ಗಾಜಿಗೆ ಬಾಯಿ ಹಾಕುವುದು ಅದರಲ್ಲಿರುವ ಸಿಲಿಕಕ್ಕಾಗಿ. ಎಳೆಗೆ ಕೈ ಹಚ್ಚುವ ಮೊದಲೇ ನುಣ್ಣನೆಯ ಸಿಲಿಕವನ್ನು ಉಣಬಡಿಸಿದರೆ ಸುಣ್ಣ ಅದರೊಡನೆ ಕೂಡಿ ಸಿಮೆಂಟಿನಲ್ಲಿರುವಂಥದೇ ಅಂಟಾಗುತ್ತದೆ. ಕಳ್ಳನನ್ನೇ ಕಾವಲಿಗಿಟ್ಟಂತೆ!

ಈ ಸಿಲಿಕ ಕಸದಲ್ಲೇ ಸಿಗುತ್ತದೆಂಬುದು ಸ್ವಾರಸ್ಯ. ರಾಯಚೂರಿನ ಶಕ್ತಿನಗರದ ಶಾಖೋತ್ಪನ್ನ ಸ್ಥಾವರದಲ್ಲಿ ಕಲ್ಲಿದ್ದಲು ಉರಿದಾಗ ಹೊಗೆಯೊಡನೆ ಹೊರಡುವ ಹಾರುಬೂದಿಯನ್ನು ಗಮನಿಸಿ. ಕುಲುಮೆಯಲ್ಲಿ ಕರಗಿ ಥಟ್ಟನೆ ತಣಿದ ಅದರ ಕಣಗಳು ಸಣ್ಣ ಗಾಜಿನ ಗುಂಡುಗಳೇ. ಭತ್ತದ ಹೊಟ್ಟಿನ ಬೂದಿಯಲ್ಲಂತೂ ಹೆಚ್ಚಿನ ಪಾಲು ಸಿಲಿಕ. ಆದರೆ ಹೊಟ್ಟನ್ನು ಹದವಾಗಿ ಸುಡಬೇಕು. ಉರಿ ವಿಪರೀತವಾದರೆ ಸಿಲಿಕ ಹರಳುಗಟ್ಟಿ ಜಡವಾಗುತ್ತದೆ. ಕಮ್ಮಿಯಾದರೆ ಕರಿ ಉಳಿಯುತ್ತದೆ. ರೈಸ್ ಮಿಲ್ಲಿನ ಒಲೆಯ ಬೂದಿಯನ್ನು ಹಾಗೇ ತಂದು ಸುರಿದರೆ ನಡೆಯದು.

ಯುಕ್ತಿ ಹೊಸದಲ್ಲ. ಕೃಷ್ಣರಾಜಸಾಗರದ ಕಟ್ಟೆಯನ್ನು ಕಟ್ಟಿದ ಸುರ್ಕಿ ಗಾರೆಯಲ್ಲಿ ಸುಣ್ಣದ ಜೊತೆಗಿದ್ದುದು ಸುಟ್ಟ ಜೇಡಿಮಣ್ಣಿನ ಪುಡಿ.

ಆದರೆ ಹಾರುಬೂದಿ ನಿಧಾನಿ. ಅದೊಂದನ್ನೇ ನಂಬಿದರೆ ನಾರಿಗೆ ಪೂರ್ಣ ರಕ್ಷಣೆಯಿಲ್ಲ. ಹೊಟ್ಟಿನ ಬೂದಿ ಅದಕ್ಕಿಂತ ಚುರುಕು. ನಿಮ್ಮ ಮನೆಗೆ ತಂದ ಸಿಮೆಂಟು ಚೀಲದ ಮೇಲೆ 'ಪೋಜೋಲಾನ' ಎಂದಿದ್ದರೆ ಅದರಲ್ಲಿ ಸಾಮಾನ್ಯವಾಗಿ ಹಾರುಬೂದಿಯೇ ಇರುತ್ತದೆ. ಸಾದಾ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ ನೀರುಣಿಸಬೇಕೆಂದರೆ, ಇದಕ್ಕೆ ಕನಿಷ್ಠ 10 ದಿನ. ಮೇಸ್ತ್ರಿ ಮೂರನೆಯ ದಿನಕ್ಕೇ "ಸಾಕು ಬಿಡಿ ಸಾರ್" ಎಂದರೆ ಒಪ್ಪಬೇಡಿ.